ಕವಿಯ ನಿಲುವಂಗಿಗೆ ಅಂಚು ಮಡಿಸುವ ಟೆಗ್ವೆನ್

ಬೆಳಗಿನ ಜಾವಕ್ಕೇ ಟೆಗ್ವೆನ್ ಪ್ರಥೆರೊ ಅವರ ಅಡುಗೆಮನೆಯಲ್ಲಿ ದೀಪ ಉರಿಯುತ್ತಿದೆ. ವೇಲ್ಸಿನ ಕಣಿವೆಯೊಂದರ ಕೂಮ್ ಹೆಲಿಗ್ ಊರು ಇನ್ನೂ ಮಲಗಿದೆ. ನಿನ್ನೆಯಷ್ಟೇ ಹಬ್ಬ ಮುಗಿದಿದೆ. ಹಾಡಿ ಹಾಡಿ ಗಂಟಲು ಕಟ್ಟಿಸಿಕೊಂಡವರು, ಬಹುಮಾನ ಬಂದವರು, ಬರಲಿಲ್ಲವೆಂದು ತೀರ್ಪುಗಾರರಿಗೆ ಹಿಡಿಶಾಪ ಹಾಕಿದವರು, ಎಲ್ಲರೂ ಈಗ ಹೊದ್ದು ಮಲಗಿದ್ದಾರೆ. ಮೈದಾನದ ಡೇರೆ ಬಿಚ್ಚುವವರೂ ಎದ್ದಿಲ್ಲ. ಟೆಗ್ವೆನ್ ಮಾತ್ರ ಮೇಜಿನ ಮೇಲೆ ನೇರಳೆ ಬಣ್ಣದ ಭಾರವಾದ ಉಣ್ಣೆಯ ನಿಲುವಂಗಿಯೊಂದನ್ನು ಹರಡಿಕೊಂಡು, ಸಣ್ಣ ಕತ್ತರಿಯಿಂದ ಅದರ ಅಂಚಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದಾರೆ.

ಅಡುಗೆಮನೆ ಚಿಕ್ಕದು. ಇವತ್ತು ಇನ್ನೂ ಚಿಕ್ಕದಾಗಿದೆ. ಒಲೆಗೂ ಕಿಟಕಿಗೂ ನಡುವೆ ಹೊಸ ಓಕ್ ಮರದ ದೊಡ್ಡ ಪೀಠವೊಂದು ಜಾಗ ಹಿಡಿದು ಕೂತಿದೆ. ಕೆಟಲ್ ಇಡಬೇಕಾದರೆ ಟೆಗ್ವೆನ್ ಅದರ ತೋಳಿಗೆ ತಾಗದಂತೆ ಅಡ್ಡಡ್ಡಲಾಗಿ ಸರಿದು ಹೋಗಬೇಕು. ಹೋಗುವಾಗಲೆಲ್ಲ ಅದರ ಬೆನ್ನಿನ ಕೆತ್ತನೆಯನ್ನು ಸೆರಗಿನಂತೆ ಇಳಿಬಿಟ್ಟ ಏಪ್ರನ್ನಿನ ತುದಿಯಿಂದ ಒಮ್ಮೆ ಒರೆಸುತ್ತಾರೆ. ಅದರ ಮೇಲೆ ಮಾತ್ರ ಕೂರುವುದಿಲ್ಲ.

ಐಸ್ಟೆದ್‌ವೊದ್ ಎಂದರೆ ಈ ಕಣಿವೆಯವರಿಗೆ ಹಾಡು, ಪದ್ಯ, ಪೈಪೋಟಿ ಮತ್ತು ಒಂದಿಷ್ಟು ಹೊಟ್ಟೆಕಿಚ್ಚು. ವರ್ಷಕ್ಕೊಮ್ಮೆ, ಮೇ ತಿಂಗಳ ಕೊನೆಯ ಶನಿವಾರ. ದಿನವಿಡೀ ಏನೇ ನಡೆದರೂ ಜನ ಕಾಯುವುದು ಮಧ್ಯಾಹ್ನದ ಒಂದು ಗಳಿಗೆಗೆ. ಆಗ ವರ್ಷದ ಅತ್ಯುತ್ತಮ ಕವಿಯನ್ನು ಪೀಠಕ್ಕೇರಿಸುತ್ತಾರೆ. ಕವಿಗಳು ಪದ್ಯ ಕಳಿಸುವುದು ಸುಳ್ಳು ಹೆಸರಿನಲ್ಲಿ. ಗೆದ್ದವರು ಯಾರೆಂಬುದು ಕಹಳೆ ಊದಿ, ಆ ಸುಳ್ಳು ಹೆಸರು ಕೂಗಿ, ಜನರ ನಡುವಿನಿಂದ ಒಬ್ಬರು ಎದ್ದು ನಿಲ್ಲುವ ತನಕ ಗಂಡನಿಗೆ ಹೆಂಡತಿಯೂ ಹೇಳಕೂಡದು. ಎದ್ದು ನಿಂತವರಿಗೆ ಈ ನೇರಳೆ ನಿಲುವಂಗಿ ಹೊದಿಸಿ ವೇದಿಕೆಗೆ ಕರೆದೊಯ್ಯುತ್ತಾರೆ. ಪೀಠ ವರ್ಷಕ್ಕೊಂದು ಹೊಸದು, ಅದನ್ನು ಕವಿ ಮನೆಗೆ ಒಯ್ಯಬಹುದು. ನಿಲುವಂಗಿ ಮಾತ್ರ ಎಲ್ಲರಿಗೂ ಒಂದೇ. ಉದ್ದನೆಯ ಮೇಷ್ಟ್ರು ಗೆದ್ದರೂ ಅದೇ, ಮೋಟು ಪಾದ್ರಿ ಗೆದ್ದರೂ ಅದೇ. ಮುಗ್ಗರಿಸಿ ಬೀಳದಂತೆ ಅದರ ಅಂಚನ್ನು ಕವಿಯ ಅಳತೆಗೆ ಮಡಿಸುವವರು ಟೆಗ್ವೆನ್. ಹೊದಿಸುವವರೂ ಅವರೇ. ಇಪ್ಪತ್ತೆರಡು ವರ್ಷದಿಂದ.

"ನೋಡಿ, ಇದು ಮೇಷ್ಟ್ರು ಗೆರೆ," ಎಂದು ಬಟ್ಟೆಯ ಒಳಮೈಯನ್ನು ಬೆಳಕಿಗೆ ಹಿಡಿಯುತ್ತಾರೆ. ಹಳೆಯ ಮಡಿಕೆಗಳ ಮಸುಕು ಗೆರೆಗಳು ಒಂದರ ಮೇಲೊಂದು ಕಾಣುತ್ತವೆ. "ಇದು ಹಾಲಿನ ಡೈರಿ ಹುಡುಗೀದು. ಇದು ಪಾದ್ರಿಗಳದ್ದು, ಪಾಪ, ಅವರಿಗೆ ಅರ್ಧ ಬಟ್ಟೇನೇ ಮಡಿಸಬೇಕಾಯ್ತು. ಇಸ್ತ್ರಿ ಹಾಕಿ ಹಾಕಿ ಸಾಕಾಯ್ತು, ಗೆರೆ ಹೋಗಲ್ಲ."

ವೇಲ್ಸಿನ ಹಬ್ಬಗಳೆಲ್ಲ ಟೆಗ್ವೆನ್ ಅವರ ಸೂಜಿಯ ಕೆಳಗೇ ಹಾದುಹೋಗುತ್ತವೆ. ಮಾರ್ಚ್ ಒಂದರ ನಾಡಹಬ್ಬಕ್ಕೆ ಶಾಲೆಯ ಹುಡುಗಿಯರ ಕೆಂಪು ಶಾಲು. ಏಪ್ರಿಲ್ ಕೊನೆಗೆ ಕಾರ್ಡಿಗನ್ ಪಟ್ಟಣದಲ್ಲಿ ಬೀದಿ ತುಂಬ ಕುದುರೆ ಓಡಿಸುವ ದಿನಕ್ಕೆ ಸವಾರರ ಅಂಗಿ. ಜುಲೈನಲ್ಲಿ ಲಾಂಗೊಲೆನ್ನಿನ ಕುಣಿತದವರ ಲಂಗ, ಅದರ ಬೆನ್ನಿಗೇ ಬಿಲ್ತ್‌ನ ದನಕುರಿ ಮೇಳದಲ್ಲಿ ಟಗರು ಹಿಡಿದು ನಿಲ್ಲುವವರ ಬಿಳಿ ಕೋಟು. ಆಗಸ್ಟಿನಲ್ಲಿ ದೊಡ್ಡ ಐಸ್ಟೆದ್‌ವೊದ್‌ಗೆ ಹೋಗುವ ಗಾಯಕರ ವೇಸ್ಟ್‌ಕೋಟು. ಎಲ್ಲ ಊರಿನವರೂ ಬಂದು ಬಟ್ಟೆ ಕೊಟ್ಟು, ಬಂದು ಒಯ್ಯುತ್ತಾರೆ. ಒಯ್ಯುವಾಗ "ಈ ಸಲ ನೀವೂ ಬನ್ನಿ" ಅನ್ನುತ್ತಾರೆ. ಇವರೂ "ನೋಡೋಣ" ಅನ್ನುತ್ತಾರೆ. ಇಷ್ಟು ವರ್ಷದಲ್ಲಿ ಒಂದು ಹಬ್ಬವನ್ನಾದರೂ ಟಿಕೆಟ್ ಕೊಂಡು, ಕುರ್ಚಿಯ ಮೇಲೆ ಕೂತು ನೋಡಿದ್ದಿಲ್ಲ.

"ಒಬ್ಳೇ ಹೋಗಿ ಏನು ನೋಡೋದು?" ಎನ್ನುತ್ತಾರೆ ಟೆಗ್ವೆನ್. "ಹಾಡು ಚೆನ್ನಾಗಿದ್ರೆ ಪಕ್ಕದಲ್ಲಿರೋರ ಮೊಣಕೈ ತಿವೀಬೇಕು ಅನ್ಸುತ್ತೆ. ಪಕ್ಕದಲ್ಲಿ ಅಪರಿಚಿತರಿದ್ರೆ ತಿವಿಯಕ್ಕಾಗುತ್ತಾ."

ಅವರಿಗೀಗ ಅರವತ್ತೇಳು. ಮದುವೆಯಾಗಲಿಲ್ಲ. ಅಪ್ಪ ಬೇಗ ಹೋದರು, ಅಮ್ಮ ಹಾಸಿಗೆ ಹಿಡಿದು ಬಹಳ ವರ್ಷ ಇದ್ದರು. ಆಗ ಮನೆಯ ಕೆಳಗಿನ ಬಟ್ಟೆಯಂಗಡಿ ತೆರೆದಿತ್ತು, ಅಲ್ಲಿಂದಲೇ ಕೆಲಸ ಮೇಲಕ್ಕೆ ಬರುತ್ತಿತ್ತು. ಈಗ ಅಂಗಡಿ ಮುಚ್ಚಿದೆ. ಭಾನುವಾರ ಹೋಗುತ್ತಿದ್ದ ಬೆಥಾನಿಯಾ ಚಾಪೆಲ್ ಕೂಡ ಮುಚ್ಚಿ, ಬೇಸಿಗೆಗೆ ಬರುವವರ ಬಾಡಿಗೆ ಮನೆಯಾಗಿದೆ. ಪಾದ್ರಿ ನಿಲ್ಲುತ್ತಿದ್ದ ಜಾಗದಲ್ಲಿ ದೊಡ್ಡ ಟಿವಿ ಇದೆಯಂತೆ. ಚಳಿಗಾಲದಲ್ಲಿ ಬೆರಳ ಗಿಣ್ಣು ಊದಿಕೊಂಡಾಗ ಸೂಜಿಗೆ ದಾರ ಪೋಣಿಸಲು ಅರ್ಧ ಬೆಳಗು ಬೇಕು. ಕೆಲವು ದಿನ ಸಂಜೆ ರೇಡಿಯೋ ಆರಿಸಿದಾಗ, ಇಡೀ ದಿನ ತಾನು ಒಂದು ಮಾತೂ ಆಡಿಲ್ಲವೆಂಬುದು ಹೊಳೆಯುತ್ತದೆ. ಆಗ ಸುಮ್ಮನೆ ಕೆಟಲ್ಲಿಗೆ ಏನಾದರೂ ಹೇಳುತ್ತಾರೆ.

ಒಬ್ಬ ತಂಗಿ ಇದ್ದಾರೆ. ಹೆಸರು ಲುನೆಡ್. ಕಾರ್ಡಿಫ್‌ನಲ್ಲಿ ಮನೆ. ಅಕ್ಕತಂಗಿಯರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಮಾತು ಬಿಟ್ಟದ್ದು ಆ ಚಾಪೆಲ್ಲಿನಲ್ಲೇ, ಅಮ್ಮನ ಅಂತ್ಯಸಂಸ್ಕಾರದ ದಿನ. ಲುನೆಡ್ ಅವರ ಗಂಡ ಕ್ಲೈವ್ ಬ್ರಿಸ್ಟಲ್‌ನವರು, ವೆಲ್ಷ್ ಬಾರದು. ಅವರಿಗಾಗಿ ಒಂದೇ ಒಂದು ಇಂಗ್ಲಿಷ್ ಸ್ತೋತ್ರ ಹಾಡೋಣ ಎಂದು ತಂಗಿ ಕೇಳಿದರು. ಅಮ್ಮನಿಗೆ ತಿಳಿಯದ ಹಾಡನ್ನು ಅಮ್ಮನ ಪೆಟ್ಟಿಗೆಯ ಮುಂದೆ ಹಾಡಿಸುವುದಿಲ್ಲ ಎಂದು ಅಕ್ಕ ಹಟ ಹಿಡಿದರು. ಮಾತಿಗೆ ಮಾತು ಬೆಳೆಯಿತು. "ಅರ್ಥ ಆಗ್ದೆ ಇದ್ರೆ ನಿನ್ ಗಂಡ ಹೊರಗೆ ನಿಂತ್ಕೊಳ್ಳಲಿ" ಎಂದರು ಟೆಗ್ವೆನ್. ಕ್ಲೈವ್‌ಗೆ ಆ ಮಾತು ಅರ್ಥವಾಗಲಿಲ್ಲ, ಧ್ವನಿ ಅರ್ಥವಾಯಿತು. ಎದ್ದು ಹೊರಗೆ ಹೋಗಿ ಮಳೆಯಲ್ಲಿ ನಿಂತರು. ಹಿಂದೆಯೇ ಲುನೆಡ್ ಹೋದರು, ಮತ್ತೆ ಒಳಗೆ ಬರಲಿಲ್ಲ. ಹ್ಯಾಮ್ ಸ್ಯಾಂಡ್‌ವಿಚ್ಚು, ಬಾರಾ ಬ್ರಿಥ್ ಎಂಬ ಒಣದ್ರಾಕ್ಷಿ ಬ್ರೆಡ್ಡಿನ ತುಂಡು, ಚಹಾ ಎಲ್ಲ ಹಂಚಿ ಮುಗಿದ ಮೇಲೆ ಟೆಗ್ವೆನ್ ಬಾಗಿಲಿಗೆ ಬಂದು ನೋಡಿದರೆ ಕಾರು ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಕ್ಲೈವ್ ತೀರಿಕೊಂಡರು. ಆ ಸುದ್ದಿಯೂ ಇವರಿಗೆ ತಿಳಿದದ್ದು ತಿಂಗಳು ಕಳೆದ ಮೇಲೆ, ಬೇರೆಯವರ ಬಾಯಿಂದ.

"ತಪ್ಪು ನಂದೇ," ಎನ್ನುತ್ತಾರೆ, ಕತ್ತರಿ ನಿಲ್ಲಿಸದೆ. "ಅವತ್ತು ಸಂಜೇನೇ ಗೊತ್ತಾಯ್ತು. ಆದ್ರೆ ಅವತ್ತು ಸಂಜೆ ಫೋನ್ ಮಾಡ್ಲಿಲ್ಲ ನೋಡಿ. ಮಾರನೇ ದಿನ ಇನ್ನೂ ಕಷ್ಟ ಆಯ್ತು. ಆಮೇಲೆ ಕಷ್ಟವೇ ಅಭ್ಯಾಸ ಆಗೋಯ್ತು."

ಇನ್ನು ಈ ವರ್ಷದ ಮಾತು. ಕವಿಯ ಅಳತೆ ಟೆಗ್ವೆನ್ ಕೈಗೆ ತಲಪುವ ಬಗೆ ಈ ಊರಿನದೇ ಒಂದು ಪದ್ಧತಿ. ತೀರ್ಪು ಬಂದ ಮೇಲೆ ಹಬ್ಬದ ಕಾರ್ಯದರ್ಶಿ ಇದ್ವಾಲ್ ಗೆದ್ದವರ ಮನೆಗೆ ಗುಟ್ಟಾಗಿ ಹೋಗಿ, ಉಣ್ಣೆಯ ನೂಲನ್ನು ಹೆಗಲಿಂದ ನೆಲಕ್ಕೆ ಇಳಿಬಿಟ್ಟು, ನೆಲ ತಾಗಿದಲ್ಲಿ ಒಂದು ಗಂಟು ಹಾಕಿ ತರುತ್ತಾರೆ. ಹೆಸರಿಲ್ಲ, ಊರಿಲ್ಲ, ಗಂಡೋ ಹೆಣ್ಣೋ ಎಂದೂ ಇಲ್ಲ. ಬರೀ ನೂಲು, ಒಂದು ಗಂಟು. ಏಪ್ರಿಲ್ ನಡುವಿನಲ್ಲಿ ಇದ್ವಾಲ್ ಎಂದಿನಂತೆ ಮೆಟ್ಟಿಲು ಹತ್ತಿ ಬಂದರು. ನೂಲು ಮೇಜಿನ ಮೇಲಿಟ್ಟರು. ಆದರೆ ಚಹಾ ಕುಡಿಯಲಿಲ್ಲ, ಮುಖ ಕೊಟ್ಟು ಮಾತಾಡಲಿಲ್ಲ.

"ಈ ಸಲ ಎರಡು ಗಂಟಿದೆ," ಎಂದರು. "ಒಂದು ಎಡಕ್ಕೆ, ಒಂದು ಬಲಕ್ಕೆ." ಅಷ್ಟು ಹೇಳಿ ಟೋಪಿ ಹಾಕಿಕೊಂಡು ಇಳಿದು ಹೋದರು.

ಎರಡು ಗಂಟುಗಳ ನಡುವೆ ಒಂದು ಹೆಬ್ಬೆರಳಿನಷ್ಟು ಅಂತರ. ಟೆಗ್ವೆನ್ ಅದರ ಮೇಲೆ ತಮ್ಮ ಹೆಬ್ಬೆರಳಿಟ್ಟು ನೋಡಿದರು. ಸರಿಯಾಗಿ ಕೂತಿತು. ಲುನೆಡ್ ಎಂಟು ವರ್ಷದವರಿದ್ದಾಗ ಕುರಿದೊಡ್ಡಿಯ ಗೇಟಿನಿಂದ ಬಿದ್ದು ಎಡ ಹೆಗಲು ಇಳಿದುಹೋಗಿತ್ತು. ಅಂದಿನಿಂದ ಆಕೆಯ ಪ್ರತಿ ಫ್ರಾಕು, ಪ್ರತಿ ಲಂಗ, ಮದುವೆಯ ಉಡುಪೂ ಸೇರಿ, ಎಡಗಡೆ ಹೆಬ್ಬೆರಳಷ್ಟು ಎತ್ತಿ ಹೊಲಿದದ್ದು ಅಕ್ಕ. ನೋಡಿದವರಿಗೆ ಹೆಗಲು ವಾರೆಯೆಂದು ಗೊತ್ತೇ ಆಗಬಾರದು, ಹಾಗೆ.

ತಂಗಿ ಪದ್ಯ ಬರೆಯುತ್ತಾಳೆಂಬುದೇ ಟೆಗ್ವೆನ್‌ಗೆ ಗೊತ್ತಿರಲಿಲ್ಲ. ಪ್ರಥೆರೊ ಮನೆತನದಲ್ಲಿ ಪೀಠ ಗೆದ್ದವರು ಹಿಂದೆ ಯಾರೂ ಇಲ್ಲ. ಫೋನ್ ಗೋಡೆಯ ಮೇಲೆಯೇ ಇತ್ತು. ಎತ್ತಿ ಒಂದು ಮಾತು ಹೇಳಿದ್ದರೆ ಹನ್ನೊಂದು ವರ್ಷದ ಗಂಟು ಬಿಚ್ಚಿಹೋಗುತ್ತಿತ್ತೋ ಏನೋ. ಗೆದ್ದವರ ಹತ್ತಿರವೂ ತನಗೆ ಗೊತ್ತೆಂದು ಹೇಳುವ ಹಾಗಿಲ್ಲ. ಗುಟ್ಟು ಹೊರಬಿದ್ದರೆ ಪೀಠವೇ ಕೈತಪ್ಪುತ್ತದೆ. ಇಷ್ಟು ವರ್ಷ ಕಾರಣವಿಲ್ಲದೆ ಫೋನ್ ಮಾಡದವರಿಗೆ ಈಗ ಕಾರಣ ಸಿಕ್ಕಿತು, ಆದರೆ ಅದೇ ಬಾಯಿಗೆ ಬೀಗ ಹಾಕಿತು.

ಅಂಚು ಸರಿಯಾಗಿ ಇಳಿಯುತ್ತದೆಯೇ ನೋಡಲು ಪ್ರತಿ ವರ್ಷ ನಿಲುವಂಗಿಯನ್ನು ಕೋಟು ತೂಗುಹಾಕುವ ಕಂಬಕ್ಕೆ ತೊಡಿಸುತ್ತಾರೆ. ಈ ವರ್ಷ ಕಂಬದ ಬಲಗಡೆ ಒಂದು ಟವೆಲ್ ಮಡಿಸಿ ಕಟ್ಟಿದರು. ಎಡ ಹೆಗಲು ಇಳಿಯಿತು. ಆರು ವಾರ ಆ ಕಂಬ ಅಡುಗೆಮನೆಯ ಮೂಲೆಯಲ್ಲಿ ನಿಂತಿತ್ತು.

"ಬೆಳಿಗ್ಗೆ ಎದ್ದು ಬಂದ್ರೆ ಅವಳೇ ನಿಂತ ಹಾಗೆ," ಎಂದು ನಕ್ಕು, ನಗುವನ್ನು ಅಲ್ಲಿಗೇ ನಿಲ್ಲಿಸುತ್ತಾರೆ. "ಕಾವ್ಲ್ ಮಾಡಿದ ದಿನ ಅಭ್ಯಾಸಬಲದ ಮೇಲೆ ಎರಡು ಬಟ್ಟಲು ತೆಗೆದ್ಬಿಟ್ಟೆ. ಒಬ್ಳಿಗೆ ಅಂತ ಸೂಪ್ ಮಾಡಿದ್ರೂ ಅದು ಜಾಸ್ತೀನೇ ಆಗುತ್ತೆ."

ಹಬ್ಬದ ಹಿಂದಿನ ದಿನ ಇದ್ವಾಲ್ ಮತ್ತೆ ಬಂದರು. ಕಣಿವೆಯಲ್ಲಿ ಯಾರ ಜಗಳ ಯಾರಿಗೆ ಗೊತ್ತಿಲ್ಲ? ಅವರೂ ಆ ಅಂತ್ಯಸಂಸ್ಕಾರದಲ್ಲಿ ಸ್ಯಾಂಡ್‌ವಿಚ್ ತಿಂದವರೇ. ಬಾಗಿಲಲ್ಲೇ ನಿಂತು ಟೋಪಿ ತಿರುಗಿಸುತ್ತ ಕೇಳಿದರು.

"ನಿಂಗೆ ಬೆನ್ನು ನೋವು ಅಂತಿದ್ಯಲ್ಲ ಟೆಗ್ವೆನ್. ಈ ಸಲ ಹೊದಿಸಕ್ಕೆ ಬೇರೆ ಯಾರಿಗಾದ್ರೂ ಹೇಳ್ಲಾ?"

"ಬೆನ್ನು ನೋವು ಅಂತ ನಾನ್ಯಾವಾಗ ಅಂದೆ?"

"ಅಂದಿಲ್ವಾ? ಹಾಗಾದ್ರೆ ಬೇರೆ ಯಾರೋ ಇರ್ಬೇಕು."

"ನನ್ ಬೆನ್ನು ನೆಟ್ಟಗಿದೆ ಇದ್ವಾಲ್. ನಿಂದು ನೋಡ್ಕೋ."

ಆಮೇಲೆ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ ಎಂದು ಟೆಗ್ವೆನ್ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಹೆದರಿಕೆ ಇದ್ದದ್ದು ಒಂದೇ. ನಾಳೆ ಸಾವಿರ ಜನರ ಎದುರು ಲುನೆಡ್ ಅಕ್ಕನ ಕೈ ಕಂಡು ಹೆಗಲು ಹಿಂದಕ್ಕೆ ಎಳೆದುಕೊಂಡರೆ? ಬೇರೆಯವರಿಂದ ಹೊದಿಸಿ ಎಂದರೆ? ಹಾಗಾದರೆ ಮುಂದೆ ಉಳಿಯುವುದು ಈ ಮನೆ ಮತ್ತು ಕೆಟಲ್ ಅಷ್ಟೇ.

ಶನಿವಾರ ಮಧ್ಯಾಹ್ನ ಡೇರೆ ಕಿಕ್ಕಿರಿದಿತ್ತು. ಟೆಗ್ವೆನ್ ಎಂದಿನಂತೆ ನಿಲುವಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ಪರದೆಯ ಪಕ್ಕ ನಿಂತಿದ್ದರು. ತೀರ್ಪುಗಾರ ಮುಂದೆ ಬಂದು, ಗೆದ್ದ ಪದ್ಯದ ಕವಿ ತನ್ನನ್ನು 'ಒದ್ದೆ ಕೋಟು' ಎಂದು ಕರೆದುಕೊಂಡಿದ್ದಾರೆ ಎಂದಾಗ ಜನ ಸಣ್ಣಗೆ ನಕ್ಕರು. ಪದ್ಯದ ಕತೆ ಹೇಳತೊಡಗಿದಾಗ ನಗು ಇಳಿಯಿತು. ಒಬ್ಬಾತ ಚಾಪೆಲ್ಲಿನ ಹೊರಗೆ ಮಳೆಯಲ್ಲಿ ನಿಂತಿದ್ದಾನೆ. ಒಳಗೆ ಹಾಡುತ್ತಿದ್ದಾರೆ. ಅವನಿಗೆ ಭಾಷೆ ತಿಳಿಯದು. ಆದರೂ ಟೋಪಿ ತೆಗೆದು, ಹಾಡು ಮುಗಿಯುವವರೆಗೂ ತೊಯ್ಯುತ್ತ ನಿಂತೇ ಇದ್ದಾನೆ. ಸಿಟ್ಟಿನಿಂದಲ್ಲ, ಮರ್ಯಾದೆಯಿಂದ.

ಟೆಗ್ವೆನ್ ಹನ್ನೊಂದು ವರ್ಷ ತಿಳಿದದ್ದು ಕ್ಲೈವ್ ಮುನಿಸಿಕೊಂಡು ಹೋದರು ಎಂದು. ಟೋಪಿ ತೆಗೆದು ನಿಂತಿದ್ದರೆಂದು ಯಾರೂ ಹೇಳಿರಲಿಲ್ಲ. ಡೇರೆಯ ತುಂಬ ಜನರಿದ್ದರು, ಆ ಮನುಷ್ಯನ ಹೆಸರು ಗೊತ್ತಿದ್ದವರು ಬೆರಳೆಣಿಕೆಯವರು. ನಾಚಿಕೆಯಿಂದ ಹೊರಗೆ ಓಡಿಹೋಗಬೇಕೆನಿಸಿತು ಎನ್ನುತ್ತಾರೆ. ನಿಲುವಂಗಿ ಭಾರವಾಗಿದ್ದದ್ದೇ ಒಳ್ಳೆಯದಾಯಿತು, ಅದನ್ನು ನೆಲಕ್ಕೆ ಬಿಡಬಾರದೆಂದು ನಿಂತುಕೊಂಡರು.

ಎಮ್ಲಿನ್ ಕಹಳೆ ಊದಿದರು. ಕುರಿ ಸಾಕುವ ಎಮ್ಲಿನ್‌ಗೆ ವರ್ಷಕ್ಕೊಮ್ಮೆ ಕೆಂಪು ಅಂಗಿ ತೊಟ್ಟು ಕಹಳೆ ಊದುವ ಗೌರವ. 'ಒದ್ದೆ ಕೋಟು' ಎದ್ದು ನಿಲ್ಲಲಿ ಎಂಬ ಕರೆ ಬಂತು. ದೀಪ ಸಾಲುಗಳ ಮೇಲೆ ಹರಿದಾಡಿ ಹಿಂಬದಿಯಲ್ಲಿ ನಿಂತಿತು. ಬೂದು ಕೂದಲಿನ ಒಬ್ಬ ಹೆಂಗಸು, ಒಂದು ಹೆಗಲು ತುಸು ಇಳಿದವರು, ಒಬ್ಬರೇ ಎದ್ದು ನಿಂತಿದ್ದರು. ಗೆದ್ದವರ ಅಕ್ಕಪಕ್ಕ ಮನೆಯವರು ಅಳುವುದು, ಬೆನ್ನು ತಟ್ಟುವುದು ವಾಡಿಕೆ. ಆ ಸಾಲಿನಲ್ಲಿ ಅವರ ಬೆನ್ನು ತಟ್ಟುವವರು ಯಾರೂ ಇರಲಿಲ್ಲ.

ಟೆಗ್ವೆನ್ ನಡೆದು ಹೋಗಿ ನಿಲುವಂಗಿ ಬಿಡಿಸಿ ಹಿಡಿದರು. ಲುನೆಡ್ ಅಕ್ಕನ ಮುಖ ನೋಡಲಿಲ್ಲ. ಹೆಗಲು ಹಿಂದಕ್ಕೂ ಎಳೆದುಕೊಳ್ಳಲಿಲ್ಲ. ತಿರುಗಿ ನಿಂತು, ಚಿಕ್ಕಂದಿನಲ್ಲಿ ಫ್ರಾಕು ತೊಡಿಸಿಕೊಳ್ಳುವಾಗ ಮಾಡುತ್ತಿದ್ದಂತೆ, ಮೊದಲು ಎಡಗೈ ಹಿಂದಕ್ಕೆ ಚಾಚಿದರು. ಟೆಗ್ವೆನ್ ಕತ್ತಿನ ಬಳಿ ಕೊಕ್ಕೆ ಸಿಕ್ಕಿಸುವಾಗ ಲುನೆಡ್ ಕೆಳಗೆ ಅಂಚನ್ನು ನೋಡುತ್ತ ಮೆಲ್ಲಗೆ ಮಾತಾಡಿದರು.

"ಎಡಗಡೆ ಎತ್ತಿದೀಯ."

"ಎತ್ತದೆ ಬಿಡ್ತೀನಾ."

"ಹಾಗಾದ್ರೆ ನಿಂಗೆ ಯಾವಾಗ ಗೊತ್ತಾಯ್ತು?"

"ಏಪ್ರಿಲ್ಲಲ್ಲೇ."

"ಯಾರಿಗಾದ್ರೂ ಹೇಳಿದ್ಯಾ?"

"ಯಾರಿದಾರೆ ನಂಗೆ ಹೇಳಕ್ಕೆ," ಎಂದರು ಟೆಗ್ವೆನ್.

ಅಷ್ಟರಲ್ಲಿ ಹಿರಿಯರಿಬ್ಬರು ಬಂದು ಕವಿಯ ತೋಳು ಹಿಡಿದು ವೇದಿಕೆಗೆ ಕರೆದೊಯ್ದರು. ಪೀಠದಲ್ಲಿ ಕೂತ ಕವಿಯ ತಲೆಯ ಮೇಲೆ ಕತ್ತಿಯನ್ನು ಒರೆಯಿಂದ ಅರ್ಧ ಎಳೆದು, "ಶಾಂತಿ ಇದೆಯೇ?" ಎಂದು ಕೂಗಿ ಕೇಳುವುದು, ಜನ "ಶಾಂತಿ" ಎನ್ನುವುದು, ಹೀಗೆ ಮೂರು ಸಲ. ಟೆಗ್ವೆನ್ ಇಪ್ಪತ್ತೆರಡು ವರ್ಷದಿಂದ ಪರದೆಯ ಹಿಂದೆ ನಿಂತು ಅದನ್ನು ಲೆಕ್ಕಕ್ಕೆ ಹೇಳಿದ್ದೇ ಹೇಳಿದ್ದು. ಈ ವರ್ಷ ತಂಗಿಯ ಮೇಲೆಯೇ ಕಣ್ಣಿಟ್ಟು ಮೊದಲೆರಡು ಸಲ ಹೇಳುವುದನ್ನೇ ಮರೆತರು. ಮೂರನೆಯ ಸಲ ಹೇಳಿದರು. ತಡವಾಯಿತು, ಎಲ್ಲರೂ ಹೇಳಿ ಮುಗಿಸಿದ ಮೇಲೆ ಅವರೊಬ್ಬರದೇ ದನಿ ಕೇಳಿತು. ಮುಂದಿನ ಸಾಲಿನವರು ತಿರುಗಿ ನೋಡಿದರು. ಲುನೆಡ್ ತಿರುಗಲಿಲ್ಲ, ಕತ್ತಿಯ ಕೆಳಗೆ ಕೂತವರು ತಿರುಗುವಂತಿಲ್ಲ.

ಆಮೇಲೆ ಕತೆಯಲ್ಲಿ ಬರುವಂಥದ್ದೇನೂ ನಡೆಯಲಿಲ್ಲ. ಫೋಟೋದವರು ಮುತ್ತಿಕೊಂಡರು. ಟೆಗ್ವೆನ್ ಡೇರೆಯ ಹಿಂದೆ ಕಪ್ಪು ತೊಳೆದರು. ಸಂಜೆ ಗೆಳತಿಯ ಪುಟ್ಟ ಕಾರಿನಲ್ಲಿ ಲುನೆಡ್ ಹೊರಟಾಗ ಪೀಠ ಅದರೊಳಗೆ ಹಿಡಿಸಲಿಲ್ಲ. ಉದ್ದಕ್ಕೆ, ಅಡ್ಡಕ್ಕೆ, ತಲೆಕೆಳಗಾಗಿ ಎಲ್ಲ ಪ್ರಯತ್ನವೂ ಆಯಿತು. ಕುರಿ ಸಾಗಿಸುವ ತನ್ನ ಟ್ರೇಲರಿನಲ್ಲಿ ಹಾಕುತ್ತೇನೆ, ಎಲ್ಲಿಗೆ ಒಯ್ಯಲಿ ಎಂದು ಎಮ್ಲಿನ್ ಕೇಳಿದರು. ಲುನೆಡ್ ಪೀಠದ ತೋಳಿನ ಮೇಲೆ ಕೈಯಿಟ್ಟರು.

"ಟೆಗ್ ಮನೇಲಿ ಇಳಿಸ್ಬಿಡಿ," ಎಂದರು.

ಅಮ್ಮ ಹೋದ ಮೇಲೆ ಟೆಗ್ವೆನ್ ಅವರನ್ನು ಟೆಗ್ ಎಂದವರು ಯಾರೂ ಇಲ್ಲ. ಯಾವಾಗ ಬಂದು ಒಯ್ಯುತ್ತೇನೆಂದು ಲುನೆಡ್ ಹೇಳಲಿಲ್ಲ. ಕಾರಿನ ಬಾಗಿಲು ಹಾಕಿಕೊಂಡರು, ಕಾರು ಟೈವಿ ನದಿಯ ಸೇತುವೆ ದಾಟಿತು. ಟೆಗ್ವೆನ್ ನಿಲುವಂಗಿ ಮಡಿಸಿಕೊಂಡು ಮನೆಗೆ ನಡೆದರು.

ಹೊರಗೆ ಈಗ ಚೆನ್ನಾಗಿ ಬೆಳಕಾಗಿದೆ. ಬಲಗಡೆಯ ಅಂಚು ಪೂರ್ತಿ ಬಿಚ್ಚಿದೆ, ಎಡಗಡೆಯದು ಬಾಕಿ. ಎಂಟರ ಹೊತ್ತಿಗೆ ಎಮ್ಲಿನ್ ಮೊಟ್ಟೆ ಕೊಡುವ ನೆಪದಲ್ಲಿ ಬಂದು, ಬಾಗಿಲಿನಲ್ಲೇ ನಿಂತು ಪೀಠವನ್ನೂ ಟೆಗ್ವೆನ್ ಅವರನ್ನೂ ನೋಡುತ್ತಾರೆ.

"ಒಂದ್ಸಲ ಕೂತ್ಕೊಂಡು ನೋಡಮ್ಮ. ಯಾರಿದಾರೆ ಇಲ್ಲಿ ನೋಡಕ್ಕೆ?"

"ನಾನು ಪದ್ಯ ಬರೆದಿಲ್ಲ."

"ಅಂಚು ಹೊಲಿದಿಲ್ವಾ? ನಿನ್ನೆ ನಾನು ವೇದಿಕೆ ಮೇಲಿಂದಲೇ ನೋಡ್ದೆ, ಒಂದು ಕೂದಲಷ್ಟೂ ವಾರೆ ಇರ್ಲಿಲ್ಲ. ಅವಳ ಹೆಗಲು ಹಾಗಿದೆ ಅಂತ ನನ್ ಹೆಂಡ್ತಿಗೆ ಗೊತ್ತೇ ಆಗ್ಲಿಲ್ಲ."

"ಗೊತ್ತಾಗ್ಬಾರ್ದು," ಎನ್ನುತ್ತಾರೆ ಟೆಗ್ವೆನ್. ಇಷ್ಟು ಹೊತ್ತಿನಲ್ಲಿ ಮೊದಲ ಬಾರಿ ಅವರ ಮುಖದಲ್ಲಿ ಹೆಮ್ಮೆಯಂಥದ್ದು ಕಾಣುತ್ತದೆ.

ಎಮ್ಲಿನ್ ಹೋದ ಮೇಲೆ ಅವರು ಚಹಾ ಮಾಡಿಕೊಳ್ಳುತ್ತಾರೆ. ಕಪ್ಪು ಹಿಡಿದು, ತಮ್ಮ ಹಳೆಯ ಅಡುಗೆಮನೆ ಕುರ್ಚಿಯನ್ನು ಎಳೆದು, ಪೀಠಕ್ಕೆ ಎದುರಾಗಿ ಹಾಕಿ ಕೂರುತ್ತಾರೆ. ಮೊಣಕಾಲು ಪೀಠಕ್ಕೆ ತಾಗುವಷ್ಟು ಇಕ್ಕಟ್ಟು. ಇಷ್ಟು ಇಕ್ಕಟ್ಟಿನಲ್ಲಿ ಯಾಕೆ, ಕಿಟಕಿಯ ಹತ್ತಿರ ಕೂರಬಹುದಲ್ಲ ಎಂದರೆ ತಲೆಯಲ್ಲಾಡಿಸುತ್ತಾರೆ.

"ತಗೊಂಡೋಗಕ್ಕಾದ್ರೂ ಅವಳು ಒಂದಿನ ಬರ್ಲೇಬೇಕಲ್ಲ. ಬಂದ್ರೆ ಇದರಲ್ಲೇ ಕೂರ್ತಾಳೆ, ಇನ್ನೆಲ್ಲಿ ಜಾಗ ಇದೆ ಈ ಮನೇಲಿ? ಆಗ ಎದುರಿಗೆ ಕೂತ್ಕೊಳ್ಳೋರು ಒಬ್ರು ಬೇಕು," ಎಂದು ಖಾಲಿ ಪೀಠವನ್ನು ನೋಡುತ್ತ ಚಹಾ ಗುಟುಕರಿಸುತ್ತಾರೆ. "ಅಭ್ಯಾಸ ತಪ್ಪೋಗಿದೆ ನೋಡಿ. ಅದಕ್ಕೇ ಈಗಿಂದಲೇ ರೂಢಿ ಮಾಡ್ಕೊತಿದೀನಿ."